ಎಂಆರ್‌ಐ ರೂಮಿನ ಕೆಂಪು ಬಟನ್: ಯಾವಾಗ ಒತ್ತಬೇಕು, ಯಾವಾಗ ಮುಟ್ಟಬಾರದು?

ಪ್ರಶ್ನೆ: ನಾನು ಪೆರ್ಲ ಹತ್ತಿರದವನು. ರೇಡಿಯಾಲಜಿ ಡಿಪ್ಲೊಮಾ ಮುಗಿಸಿ ಕಾಸರಗೋಡಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್ ಆಗಿ ಈಗಷ್ಟೇ ಸೇರಿದ್ದೇನೆ. ಮಿಷನ್ 1.5 ಟೆಸ್ಲಾದ್ದು (ಟೆಸ್ಲಾ ಅಂದರೆ ಕಾಂತದ ಬಲದ ಅಳತೆ). ಮೊನ್ನೆ ರಾತ್ರಿ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. "ಮಿಷನ್ ಆಫ್ ಆಯ್ತಲ್ಲ, ಈಗಲೇ ನೆಲ ಒರೆಸಿಬಿಡ್ತೇನೆ" ಅಂತ ಕ್ಲೀನಿಂಗ್ ಅಕ್ಕ ಕಬ್ಬಿಣದ ಹಿಡಿಯ ಬಕೆಟ್ ಹಿಡಿದು ಒಳಗೆ ಹೊರಟರು. ನಾನು ತಡೆದೆ. ಸೀನಿಯರ್ ಒಬ್ಬರು "ಕರೆಂಟ್ ಇಲ್ಲದಾಗ ಏನೂ ಆಗುವುದಿಲ್ಲ, ಹೋಗಲಿ ಬಿಡು" ಅಂದರು. ಯಾರು ಸರಿ? ಗೋಡೆಯಲ್ಲಿ ಎರಡು ಕೆಂಪು ಬಟನ್ ಇವೆ. ಪೇಷಂಟಿನ ಹಾರ್ಟ್ ಒಳಗೇ ನಿಂತರೆ ಯಾವುದನ್ನು ಒತ್ತಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಂತವನ್ನೇ ಇಲ್ಲವಾಗಿಸುವ ಕ್ವೆಂಚ್ ಬಟನ್ ಒತ್ತಿದರೆ ಬ್ಲಾಸ್ಟ್ ಆಗುತ್ತದಂತೆ. ಚಿನ್ನವನ್ನು ಕಾಂತ ಎಳೆಯುವುದಿಲ್ಲ, ಕರಿಮಣಿ ಯಾಕೆ ತೆಗೆಯಬೇಕು ಅಂತ ಬೈಸ್ಟ್ಯಾಂಡರ್‌ಗಳು ಜಗಳಕ್ಕೆ ಬರುತ್ತಾರೆ. ಇದರ ಮೇಲೆ ಮನೆಯಲ್ಲಿ ಅಮ್ಮನ ಹೆದರಿಕೆ: ರೇಡಿಯೇಷನ್ ಕೆಲಸ, ನಾಳೆ ಮಕ್ಕಳಾಗದಿದ್ದರೆ? ರಾತ್ರಿ ಡ್ಯೂಟಿಯಲ್ಲಿ ನಾನೊಬ್ಬನೇ ಇರುತ್ತೇನೆ. ಸರಿಯಾದ್ದು ಏನು ಅಂತ ತಿಳಿಸಿ.

ಉತ್ತರ: ನೀವು ಬಕೆಟ್ ತಡೆದದ್ದು ಸರಿ. ಸೀನಿಯರ್ ಹೇಳಿದ್ದು ತಪ್ಪು, ಅದೂ ಸಣ್ಣ ತಪ್ಪಲ್ಲ.

ನಿಮ್ಮ ಪತ್ರದಲ್ಲಿ ನಾಲ್ಕೈದು ಹೆದರಿಕೆಗಳು ಒಟ್ಟಿಗೇ ಇವೆ. ಅಮ್ಮನ ಹೆದರಿಕೆಯನ್ನು ಇವತ್ತೇ ಬಿಟ್ಟುಬಿಡಬಹುದು. ಬ್ಲಾಸ್ಟ್ ಅನ್ನುವುದು ಕಾಲು ಭಾಗ ನಿಜ. ಕರಿಮಣಿ ಜಗಳದಲ್ಲಿ ಬೈಸ್ಟ್ಯಾಂಡರ್ ಹೇಳುವುದರಲ್ಲೂ ಒಂದು ಪಾಯಿಂಟ್ ಇದೆ, ಆದರೂ ಕರಿಮಣಿ ತೆಗೆಸಲೇಬೇಕು. ನಿಜವಾಗಿ ನಿದ್ದೆ ಕೆಡಿಸಬೇಕಾದ ವಿಷಯ ಆ ಬಕೆಟ್‌ದು. ಅದರಿಂದಲೇ ಶುರು ಮಾಡೋಣ.

ನಿಮ್ಮ ಮಿಷನ್ನಿನ ಕಾಂತಕ್ಕೆ ಕೆಎಸ್‌ಇಬಿ ಕರೆಂಟ್ ಬೇಕಾಗಿಲ್ಲ. ಒಳಗೆ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ ಇದೆ. ಅದು ಮುಳುಗಿರುವುದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ. ಅಷ್ಟು ತಣ್ಣಗಾದಾಗ ಆ ತಂತಿಗೆ ಪ್ರತಿರೋಧವೇ ಇರುವುದಿಲ್ಲ. ಮಿಷನ್ ಕೂರಿಸುವ ದಿನ ಎಂಜಿನಿಯರ್ ಒಮ್ಮೆ ತುಂಬಿಸಿದ ಕರೆಂಟ್ ಅದರೊಳಗೆ ಸುತ್ತುತ್ತಲೇ ಇರುತ್ತದೆ, ವರ್ಷಗಟ್ಟಲೆ. ಲೈಟ್ ಹೋಗಲಿ, ಕನ್ಸೋಲ್ ಕಪ್ಪಾಗಲಿ, ಎಸಿ ನಿಲ್ಲಲಿ, 1.5 ಟೆಸ್ಲಾ 1.5 ಟೆಸ್ಲಾನೇ. ಭೂಮಿಯ ಕಾಂತಕ್ಕಿಂತ ಅದು 30,000 ಪಟ್ಟಿಗೂ ಜಾಸ್ತಿ. ಭಾನುವಾರ, ಹರತಾಳ, ಮಧ್ಯರಾತ್ರಿ ಯಾವುದೂ ಅದಕ್ಕೆ ಲೆಕ್ಕವಿಲ್ಲ.

ಜನ ಮೋಸ ಹೋಗುವುದು ಯಾಕೆ ಗೊತ್ತಾ? ಸದ್ದಿನಿಂದ. ಹೀಲಿಯಂ ತಣ್ಣಗಿಡುವ ಕೋಲ್ಡ್ ಹೆಡ್ ಹಗಲೂ ರಾತ್ರಿ ಚಿಕ್-ಚಿಕ್ ಅಂತ ಸದ್ದು ಮಾಡುತ್ತಿರುತ್ತದೆ. ನಿಮಗೆ ಈಗಾಗಲೇ ಅದರ ಅಭ್ಯಾಸ ಆಗಿರಬೇಕು. ಕರೆಂಟ್ ಹೋದಾಗ ಆ ಸದ್ದು ನಿಲ್ಲುತ್ತದೆ. ರೂಮಿಗೆ ರೂಮೇ ಮೌನ. ಮಿಷನ್ ಸತ್ತಿತು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ನಿಂತದ್ದು ತಣಿಸುವ ಪಂಪ್ ಮಾತ್ರ. ಹೀಲಿಯಂ ನಿಧಾನಕ್ಕೆ ಆವಿಯಾಗಲು ಶುರುವಾಗುತ್ತದೆ, ಅಷ್ಟೇ. ಮಾಮೂಲಿ ಮಿಷನ್ನಿನಲ್ಲಿ 1,000ದಿಂದ 2,000 ಲೀಟರ್ ಹೀಲಿಯಂ ಇರುವುದರಿಂದ ಒಂದು ರಾತ್ರಿಯ ಕರೆಂಟ್ ಕಟ್‌ಗೆ ಕಾಂತ ಎಲ್ಲಿಗೂ ಹೋಗುವುದಿಲ್ಲ. ತೀರಾ ಕಡಿಮೆ ಹೀಲಿಯಂನ ಹೊಸ ಮಾದರಿಗಳ ಲೆಕ್ಕ ಬೇರೆ. ನಿಮ್ಮದು ಯಾವುದು ಅಂತ ಸರ್ವಿಸ್ ಎಂಜಿನಿಯರ್ ಹತ್ತಿರ ಕೇಳಿಟ್ಟುಕೊಳ್ಳಿ. ನಮ್ಮ ಕಡೆ ಜೂನ್-ಜುಲೈಯಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಹಾಗಾಗಿ ಕರೆಂಟ್ ಹೋದಾಗ ಮಾಡಬೇಕಾದ್ದು ಇಷ್ಟು: ಒಳಗೆ ಪೇಷಂಟ್ ಇದ್ದರೆ ಟೇಬಲ್‌ನ ಮ್ಯಾನುವಲ್ ಹಿಡಿ ಎಳೆದು ಹೊರಗೆ ತನ್ನಿ, ಬಾಗಿಲು ಹಾಕಿ ಲಾಕ್ ಮಾಡಿ, ಹೀಲಿಯಂ ಲೆವೆಲ್ ಮತ್ತು ಪ್ರೆಶರ್ ನೋಡಿ ಬರೆದಿಡಿ, ಎಂಜಿನಿಯರ್‌ಗೆ ಫೋನ್ ಮಾಡಿ. ನೆಲ ಒರೆಸುವ ಕೆಲಸ ನಾಳೆಗೂ ಆಗುತ್ತದೆ, ಪ್ಲಾಸ್ಟಿಕ್ ಬಕೆಟ್‌ನಲ್ಲಿ, ನೀವು ಜೊತೆಗೆ ನಿಂತಿರುವಾಗ.

ಬಕೆಟ್ ಹಿಡಿದು ಬಾಗಿಲ ಹತ್ತಿರ ನಿಂತರೆ ಏನೂ ಅನಿಸುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಈಗಿನ ಮಿಷನ್‌ಗಳಲ್ಲಿ ಕಾಂತ ಹೊರಗೆ ಹರಡದಂತೆ ಕಟ್ಟುನಿಟ್ಟು ಮಾಡಿರುತ್ತಾರೆ. ಅದರಿಂದ ಬಾಗಿಲಲ್ಲಿ ಸೆಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇನ್ನೆರಡು ಹೆಜ್ಜೆ ಹಾಕಿದರೆ ಕೈ ಸ್ವಲ್ಪ ಭಾರವಾದ ಹಾಗೆ. ಮತ್ತೆ ಒಂದು ಹೆಜ್ಜೆಗೆ ವಸ್ತು ಕೈಯಲ್ಲಿರುವುದಿಲ್ಲ. "ಸೆಳೆದರೆ ಗಟ್ಟಿ ಹಿಡಿದುಕೊಳ್ತೇನೆ" ಅನ್ನುವವರ ಮಾತು ನಂಬಬೇಡಿ. ಗಟ್ಟಿ ಹಿಡಿದರೆ ಅದರ ಜೊತೆ ಅವರೂ ಹೋಗುತ್ತಾರೆ.

ಇದು ಸುಮ್ನೆ ಹೆದರಿಸಲು ಹೇಳುವುದಲ್ಲ. 2018ರ ಜನವರಿಯಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಸಂಬಂಧಿಕರ ಸ್ಕ್ಯಾನ್‌ಗೆ ಜೊತೆಯಲ್ಲಿ ಬಂದಿದ್ದ 32 ವರ್ಷದ ಒಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ರೂಮಿನೊಳಗೆ ಹೋದರು. ಸಿಲಿಂಡರ್ ಸಮೇತ ಮಿಷನ್ ಅವರನ್ನು ಎಳೆದುಕೊಂಡಿತು, ಗ್ಯಾಸ್ ಲೀಕ್ ಆಯಿತು, ಅವರು ತೀರಿಕೊಂಡರು. ಮಿಷನ್ ಆಫ್ ಇದೆ ಅಂತ ಅಲ್ಲಿನ ಸಿಬ್ಬಂದಿಯೇ ಹೇಳಿದ್ದರು ಎಂದು ಮನೆಯವರು ಆಮೇಲೆ ದೂರಿದರು. ನಿಮ್ಮ ಸೀನಿಯರ್ ಹೇಳಿದ್ದೂ ಅದೇ ಮಾತು, ಅಲ್ವಾ? 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಆಸ್ಪತ್ರೆಯಲ್ಲಿ 6 ವರ್ಷದ ಹುಡುಗ ಸತ್ತದ್ದೂ ಆಕ್ಸಿಜನ್ ಸಿಲಿಂಡರಿನಿಂದಲೇ. ಹುಡುಗ ಒಳಗೆ ಮಲಗಿದ್ದ, ಸಿಲಿಂಡರ್ ಹೊರಗಿನಿಂದ ಬಂತು. ಅದೇ ರಾಜ್ಯದಲ್ಲಿ 2025ರ ಜುಲೈಯಲ್ಲಿ ಒಬ್ಬರ ಕುತ್ತಿಗೆಯಲ್ಲಿದ್ದ ವ್ಯಾಯಾಮದ ಭಾರದ ಸರಪಳಿ ಅವರನ್ನೇ ಬಲಿ ತೆಗೆದುಕೊಂಡಿತು. ಅವರೂ ಪೇಷಂಟ್ ಆಗಿರಲಿಲ್ಲ, ಹೆಂಡತಿಯನ್ನು ಟೇಬಲ್‌ನಿಂದ ಎಬ್ಬಿಸಲು ಒಳಗೆ ಬಂದವರು.

ಮೂರರಲ್ಲೂ ಗಮನಿಸಿ. ಮಿಷನ್ ಕೆಟ್ಟಿರಲಿಲ್ಲ. ಬಾಗಿಲು ತೆರೆದಿತ್ತು, ತಡೆಯುವವರು ಇರಲಿಲ್ಲ. ಎಂಆರ್‌ಐಯ ಸೇಫ್ಟಿ ಮುಕ್ಕಾಲು ಪಾಲು ಬಾಗಿಲಲ್ಲೇ ಮುಗಿಯುತ್ತದೆ ಅಂತ ನಾನು ಹೊಸಬರಿಗೆ ಹೇಳುವುದು ಇದಕ್ಕೇ. ಬೇರೆ ಆಸ್ಪತ್ರೆಯಿಂದ ಆಂಬುಲೆನ್ಸ್‌ನಲ್ಲಿ ಪೇಷಂಟ್ ಬಂದರೆ ಟ್ರಾಲಿ, ಸಿಲಿಂಡರ್, ಡ್ರಿಪ್ ಸ್ಟ್ಯಾಂಡ್ ಎಲ್ಲ ಒಟ್ಟಿಗೇ ಬರುತ್ತವೆ. ಆಂಬುಲೆನ್ಸ್ ಹುಡುಗರಿಗೆ ಅವಸರ, ಅವರು ಸೀದಾ ನುಗ್ಗುತ್ತಾರೆ. ಹೊರಗಿನ ರೂಮಿನಲ್ಲೇ ನಿಲ್ಲಿಸಿ, ನಿಮ್ಮ ಕಾಂತ ಹಿಡಿಯದ ಟ್ರಾಲಿಗೆ ಪೇಷಂಟನ್ನು ಬದಲಾಯಿಸಿ. ಆಕ್ಸಿಜನ್ ಗೋಡೆಯ ಪೈಪ್‌ಲೈನ್‌ನಿಂದ ಕೊಡಿ. ಅಲ್ಯೂಮಿನಿಯಂ ಸಿಲಿಂಡರ್ ಇದೆ ಅಂತ ಸೆಂಟರಿನವರು ಹೇಳಿದರೆ ಅದರ ರೆಗ್ಯುಲೇಟರ್ ಯಾವ ಲೋಹದ್ದು ಅಂತಲೂ ಕೇಳಿ.

ಇನ್ನು ಅಮ್ಮನ ವಿಷಯ. ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಸಿಟಿ, ಎಕ್ಸ್‌ರೇಗಳ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಕಣ್ಣಿಟ್ಟಿರುತ್ತದೆ, ಅಲ್ಲಿ ಕೆಲಸ ಮಾಡುವವರು ಎದೆಗೆ ವಿಕಿರಣ ಅಳೆಯುವ ಬ್ಯಾಜ್ ಹಾಕಿಕೊಳ್ಳುತ್ತಾರೆ. ಎಂಆರ್‌ಐಗೆ ಅದು ಬೇಕಾಗಿಲ್ಲ, ಅಳೆಯಲು ಆ ಬಗೆಯ ವಿಕಿರಣವೇ ಇಲ್ಲ. ಕೆಲಸ ಮಾಡುವುದು ಕಾಂತ ಮತ್ತು ರೇಡಿಯೋ ಅಲೆ. ಮಿಷನ್ನಿನ ಬಾಯಿಯ ಹತ್ತಿರ ತಲೆಯನ್ನು ಜೋರಾಗಿ ತಿರುಗಿಸಿದರೆ ಸ್ವಲ್ಪ ತಲೆ ಸುತ್ತಬಹುದು, ಬಾಯಲ್ಲಿ ಲೋಹದ ರುಚಿ ಬರಬಹುದು. ನಿಧಾನಕ್ಕೆ ಓಡಾಡಿದರೆ ಅದೂ ಇಲ್ಲ. ಬಸುರಿ ಸಿಬ್ಬಂದಿ ಕೂಡ ಈ ಕೆಲಸ ಮಾಡಬಹುದು, ಸ್ಕ್ಯಾನ್ ನಡೆಯುತ್ತಿರುವಾಗ ಒಳಗೆ ನಿಲ್ಲುವುದು ಬೇಡ ಅಂತಷ್ಟೇ ಹೇಳುತ್ತಾರೆ. ನಿಮ್ಮ ಕಿವಿಯ ಬಗ್ಗೆ ಮಾತ್ರ ಜಾಗ್ರತೆ. ಸದ್ದು 100 ಡೆಸಿಬೆಲ್ ದಾಟುತ್ತದೆ, ಸ್ಕ್ಯಾನ್ ನಡೆಯುವಾಗ ಒಳಗೆ ನಿಲ್ಲಬೇಕಾಗಿ ಬಂದರೆ ಪೇಷಂಟಿನ ಹಾಗೆ ನೀವೂ ಇಯರ್ ಪ್ಲಗ್ ಹಾಕಿ. ನಾಳೆ ಹುಡುಗಿಯ ಕಡೆಯವರು ಕೇಳಿದರೆ ಅಮ್ಮ ಧೈರ್ಯವಾಗಿ ಉತ್ತರ ಹೇಳಲಿ.

ಕರಿಮಣಿಯ ಜಗಳ ನನಗೂ ಹೊಸದಲ್ಲ. ಚಿನ್ನವನ್ನು ಕಾಂತ ಎಳೆಯುವುದಿಲ್ಲ ಅನ್ನುವ ಮಾತು ನಿಜ. ಹಾಗಿದ್ದರೆ ತೊಂದರೆ ಏನು? ಎರಡು ಇವೆ. ಒಂದು, ಸರದಲ್ಲಿ ಚಿನ್ನ ಒಂದೇ ಇರುವುದಿಲ್ಲ. ಕೊಂಡಿಯಲ್ಲಿ ಸ್ಟೀಲ್ ಸ್ಪ್ರಿಂಗ್ ಇರಬಹುದು. ಇನ್ನು ನಮ್ಮ ಹೆಂಗಸರ ಕರಿಮಣಿಯನ್ನು ಒಮ್ಮೆ ತಿರುಗಿಸಿ ನೋಡಿ: ಸೆರಗಿಗೆ ಬೇಕಾಗುತ್ತದೆ ಅಂತ ಎರಡು ಮೂರು ಸೇಫ್ಟಿ ಪಿನ್ ಅದರಲ್ಲೇ ನೇತಾಡುತ್ತಿರುತ್ತವೆ. ಸರವನ್ನು ಬ್ಲೌಸ್ ಒಳಗೆ ಹಾಕಿಕೊಂಡಿದ್ದರೆ ಆ ಪಿನ್ ನಿಮಗೆ ಕಾಣುವುದೇ ಇಲ್ಲ. ಎರಡನೆಯದು ಬಿಸಿ. ಎಳೆಯದ ಲೋಹವೂ ರೇಡಿಯೋ ಅಲೆಗೆ ಬಿಸಿಯಾಗುತ್ತದೆ, ಅದರಲ್ಲೂ ಕತ್ತಿನ ಸುತ್ತ ಬಳೆಯಂತೆ ಸುತ್ತಿಕೊಂಡಾಗ. ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಎಫ್‌ಡಿಎಗೆ ಬರುವ ಎಂಆರ್‌ಐ ಗಾಯದ ವರದಿಗಳಲ್ಲಿ ಸುಟ್ಟಗಾಯದ್ದೇ ಜಾಸ್ತಿ. ಸಿಲಿಂಡರ್ ಹಾರಿದ್ದು ಪೇಪರಿನಲ್ಲಿ ಬರುತ್ತದೆ, ಸುಟ್ಟ ತೊಡೆ ಬರುವುದಿಲ್ಲ.

ಆದರೆ ತೆಗೆಸುವ ರೀತಿ ಮುಖ್ಯ. "ಅದನ್ನು ತೆಗೀರಿ" ಅಂತ ಹುಡುಗನೊಬ್ಬ ಹೇಳಿದರೆ ಯಾವ ಅಜ್ಜಿಗೆ ಸಿಟ್ಟು ಬರುವುದಿಲ್ಲ? ನಾನು ಕಂಡಂತೆ ಸುಲಭದ ದಾರಿ ಒಂದಿದೆ. ಹತ್ತಿ ನೂಲಿನ ಉಂಡೆ ಮತ್ತು ನಾಲ್ಕು ಅರಸಿನ ಕೊಂಬು ಚೇಂಜಿಂಗ್ ರೂಮಿನಲ್ಲಿ ಇಟ್ಟಿರಿ. ಕೊಂಬು ಕಟ್ಟಿದ ನೂಲನ್ನು ಕುತ್ತಿಗೆಗೆ ಹಾಕಿಕೊಂಡ ಮೇಲೆ ಕರಿಮಣಿ ತೆಗೆಯಲು ಹೆಚ್ಚಿನವರು ಒಪ್ಪುತ್ತಾರೆ. ಆ ಸರವನ್ನು ನೀವು ಮುಟ್ಟಬೇಡಿ, ಅವರ ಮಗಳ ಕೈಗೋ ಸೊಸೆಯ ಕೈಗೋ ಕೊಡಿಸಿ. ಬಿಗಿಯಾದ ಮೂಗುಬೊಟ್ಟು ಎಷ್ಟು ಮಾಡಿದರೂ ಬರದಿದ್ದರೆ, ಅದನ್ನು ಕಾಂತ ಎಳೆಯುವುದಿಲ್ಲ ಅಂತ ಕೈ ಮ್ಯಾಗ್ನೆಟ್ ಹಿಡಿದು ಖಾತ್ರಿ ಮಾಡಿ, ಚರ್ಮಕ್ಕೆ ತಾಗದಂತೆ ಹತ್ತಿ ಇಟ್ಟು ಟೇಪ್ ಅಂಟಿಸಿ, ಡಾಕ್ಟರಿಗೆ ತಿಳಿಸಿ ಮುಂದುವರಿಯಬಹುದು. ಮೊಣಕಾಲಿನ ಸ್ಕ್ಯಾನ್ ಆದರೆ ಅಪಾಯ ಕಡಿಮೆ. ತಲೆಯ ಸ್ಕ್ಯಾನ್ ಆದರೆ ಅದೇ ಜಾಗಕ್ಕೆ ರೇಡಿಯೋ ಅಲೆ ಹೋಗುತ್ತದೆ, ಚಿತ್ರವೂ ಕೆಡುತ್ತದೆ. ಆಗ ತೆಗೆಸಿಯೇ ಮಾಡಿ.

ಗಂಡಸರನ್ನು ನಾವು ಸಲೀಸಾಗಿ ಒಳಗೆ ಬಿಡುತ್ತೇವೆ, ಅದೂ ತಪ್ಪು. ಅಡಿಕೆ ತೋಟದ ಅಜ್ಜ ಬಂದರೆ ಮುಂಡಿನ ಮಡಿಲಲ್ಲಿ ಎಲೆಯಡಿಕೆ ಚೀಲ, ಚೀಲದಲ್ಲಿ ಸುಣ್ಣದ ಡಬ್ಬಿ, ಡಬ್ಬಿಯ ಅಡಿಯಲ್ಲಿ ಸಣ್ಣ ಪೀಶಕತ್ತಿ. "ಕಿಸೆ ಖಾಲಿ ಮಾಡಿ" ಅಂದರೆ ಅಜ್ಜ ಶರ್ಟಿನ ಕಿಸೆ ಖಾಲಿ ಮಾಡುತ್ತಾರೆ. ಮಡಿಲು ಕಿಸೆಯಲ್ಲವಲ್ಲ! ಸೊಂಟದ ಉಡಿದಾರ, ತೋಳಿನ ತಾಯತ, ಮಫ್ತದ ಪಿನ್, ತಲೆಯ ಸ್ಲೈಡ್, ಜರಿಯ ಅಂಚು, ಬೆವರಿನ ವಾಸನೆ ಬಾರದಂತೆ ಬೆಳ್ಳಿ ನೂಲು ಸೇರಿಸಿದ ಬನಿಯನ್, ನೋವಿಗೆ ಹಚ್ಚಿದ ಔಷಧಿ ಪಟ್ಟಿಯ ಹಿಂದಿನ ಅಲ್ಯೂಮಿನಿಯಂ ಹಾಳೆ, ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ ಇವೆಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. ಒಂದೊಂದನ್ನೇ ಹುಡುಕುತ್ತಾ ಕೂರುವ ಬದಲು ಎಲ್ಲರಿಗೂ ಸೆಂಟರಿನ ಹತ್ತಿ ಗೌನ್ ತೊಡಿಸಿ. ಜಗಳವೂ ಕಡಿಮೆ, ಕೆಲಸವೂ ಬೇಗ. ಮಲಗಿಸಿದ ಮೇಲೆ ಎರಡು ತೊಡೆಗಳು ಒಂದಕ್ಕೊಂದು ತಾಗದಂತೆ ನಡುವೆ ಪ್ಯಾಡ್ ಇಡಿ, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಲು ಬಿಡಬೇಡಿ. ಚರ್ಮಕ್ಕೆ ಚರ್ಮ ತಾಗಿದರೆ ಮೈಯೇ ಕರೆಂಟ್ ಹರಿಯುವ ಒಂದು ಸುತ್ತು ಆಗುತ್ತದೆ, ತಾಗಿದ ಜಾಗ ಸುಡುತ್ತದೆ. ಸ್ಕ್ಯಾನ್ ಮಾಡುವ ಭಾಗಕ್ಕೆ ಹಾಕುವ ಕಾಯಿಲ್‌ನ ವೈರ್ ಸುರುಳಿ ಸುತ್ತಿಕೊಂಡು ಮೈಮೇಲೆ ಬಿದ್ದರೂ ಅದೇ ಕಥೆ. ಬೆಲ್ಲಿನ ಬಲೂನ್ ಕೈಗೆ ಕೊಟ್ಟು, "ಎಲ್ಲಾದರೂ ಬಿಸಿ ಅನಿಸಿದರೆ ಇದನ್ನು ಒತ್ತಿ" ಅಂತ ಹೇಳಿ. "ಹೆದರಿಕೆಯಾದರೆ ಒತ್ತಿ" ಅಂತ ಮಾತ್ರ ಹೇಳಿದರೆ ಧೈರ್ಯದ ಗಂಡಸರು ಸುಟ್ಟುಕೊಂಡೇ ಸುಮ್ಮನೆ ಮಲಗಿರುತ್ತಾರೆ.

ಮೈಯೊಳಗಿನ ಲೋಹದ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಗೆ ಅದರದ್ದೇ ಎರಡು ತಲೆನೋವುಗಳಿವೆ. ಮೊದಲನೆಯದು ಭಾಷೆ. ಫಾರ್ಮ್ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಪೇಷಂಟ್ ಮಾತಾಡುವುದು ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ. ಮಗ ಬಂದು ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಸೈನ್ ಮಾಡುತ್ತಾನೆ. ಆ ಫಾರ್ಮಿಗೆ ಕಾಗದದ ಬೆಲೆಯೂ ಇಲ್ಲ. ನೀವೇ ಪೇಷಂಟಿನ ಹತ್ತಿರ ಕೂತು, ಅವರ ಮಾತಲ್ಲಿ, ಬಾಯಿ ಬಿಟ್ಟು ಕೇಳಿ. "ಮೈಯಲ್ಲಿ ಲೋಹ ಇದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. "ಯಾವಾಗಾದರೂ ಆಪರೇಷನ್ ಆಗಿದ್ದುಂಟಾ? ಎದೆಗೆ ಮಿಷನ್ ಇಟ್ಟಿದ್ದಾರಾ? ತಲೆಯಲ್ಲಿ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರಾ? ಕಿವಿಯೊಳಗೆ ಏನಾದರೂ ಕೂರಿಸಿದ್ದಾರಾ? ಕಣ್ಣಿಗೆ ಕಬ್ಬಿಣದ ಚೂರು ಬಿದ್ದು ಡಾಕ್ಟರಲ್ಲಿಗೆ ಹೋಗಿದ್ದುಂಟಾ?" ಅಂತ ಕೇಳಿದರೆ ಆಗ ನೆನಪಾಗುತ್ತದೆ.

ಎರಡನೆಯದು ಗಲ್ಫ್. ಅಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿ ಬಂದವರು ಇಲ್ಲಿ ಬೇಕಾದಷ್ಟಿದ್ದಾರೆ. ಕಣ್ಣಿನಲ್ಲಿ ಉಳಿದ ಒಂದು ಸಣ್ಣ ಕಬ್ಬಿಣದ ಚೂರು ಕಾಂತದಲ್ಲಿ ಅಲ್ಲಾಡಿದರೆ ದೃಷ್ಟಿಯೇ ಹೋಗಬಹುದು. ಕಣ್ಣಿಗೆ ಚೂರು ಬಿದ್ದದ್ದುಂಟು ಅಂತ ಹೇಳಿದರೆ ಮೊದಲು ಕಣ್ಣಿನ ಭಾಗದ ಎಕ್ಸ್‌ರೇ ತೆಗೆಸಿ. ಅಲ್ಲೇ ಆಪರೇಷನ್ ಮಾಡಿಸಿಕೊಂಡು ಬಂದವರ ಕಾಗದ ಅರಬಿಯಲ್ಲಿರುತ್ತದೆ, ಇಲ್ಲವೇ ಕಾಗದವೇ ಇರುವುದಿಲ್ಲ. ಆಗ ನಿಮ್ಮ ಮುಂದೆ ಮೂರು ದಾರಿ. ಎಕ್ಸ್‌ರೇ ತೆಗೆದು ಒಳಗೆ ಏನಿದೆ ನೋಡುವುದು: ಪ್ಲೇಟೋ ಸ್ಕ್ರೂವೋ ಕಾಣುತ್ತದೆ, ಆದರೆ ಯಾವ ಕಂಪನಿಯ ಯಾವ ಮಾಡೆಲ್ ಅಂತ ಹೆಚ್ಚಾಗಿ ಗೊತ್ತಾಗುವುದಿಲ್ಲ. ಎಂಆರ್‌ಐ ಬದಲು ಸಿಟಿ ಮಾಡುವುದು: ಬೇಗ ಆಗುತ್ತದೆ, ಆದರೆ ಬೆನ್ನುಹುರಿ, ಮೆದುಳಿನ ಎಷ್ಟೋ ಸಂಗತಿ ಅದರಲ್ಲಿ ಕಾಣುವುದಿಲ್ಲ, ವಿಕಿರಣವೂ ಇದೆ. ಕಾಯುವುದು: ಕಾಗದ ತರಿಸಬಹುದು, ಆದರೆ ಬೆನ್ನಿನ ನರ ಒತ್ತಿ ಕಾಲಿನ ಬಲ ಹೋಗುತ್ತಿರುವವರಿಗೆ ಅಷ್ಟು ಸಮಯ ಇರುವುದಿಲ್ಲ. ಯಾವುದು ಅಂತ ತೀರ್ಮಾನ ಮಾಡುವುದು ರೇಡಿಯಾಲಜಿಸ್ಟ್, ನೀವಲ್ಲ. ರಾತ್ರಿಯಾದರೂ ಎಬ್ಬಿಸಿ ಕೇಳಿ.

ಹಾರ್ಟಿನ ಸ್ಟೆಂಟ್‌ಗೆ ಜನ ವಿಪರೀತ ಹೆದರುತ್ತಾರೆ. ಸ್ಟೆಂಟ್ ಹಾಕಿ ಇಷ್ಟು ವಾರ ಕಾಯಬೇಕು ಅನ್ನುವುದು ಹಳೆಯ ಮಾತು. ಈಗಿನ ಸ್ಟೆಂಟ್‌ಗಳಿಗೆ 1.5 ಮತ್ತು 3 ಟೆಸ್ಲಾದಲ್ಲಿ, ಕಾರ್ಡಿನಲ್ಲಿ ಬರೆದ ನಿಯಮ ನೋಡಿಕೊಂಡು, ಸ್ಕ್ಯಾನ್ ಮಾಡುತ್ತಾರೆ. ಮೂಳೆಯ ಟೈಟಾನಿಯಂ ಪ್ಲೇಟ್, ಹಲ್ಲಿನ ಸಿಮೆಂಟ್, ಕಾಪರ್-ಟಿ ಇವಕ್ಕೂ ಸಾಮಾನ್ಯವಾಗಿ ತೊಂದರೆ ಇಲ್ಲ. ನಿಜವಾಗಿ ಕೈ ನಡುಗಬೇಕಾದ್ದು ಮೂರಕ್ಕೆ. ತಲೆಯಲ್ಲಿ ಉಬ್ಬಿದ ರಕ್ತನಾಳಕ್ಕೆ ಹಾಕಿದ ಹಳೆಯ ಅನ್ಯೂರಿಸಂ ಕ್ಲಿಪ್: ಕಾಗದ ಇಲ್ಲದಿದ್ದರೆ ಸ್ಕ್ಯಾನ್ ಇಲ್ಲ, ಯಾರು ಒತ್ತಾಯಿಸಿದರೂ ಇಲ್ಲ. ಪೇಸ್‌ಮೇಕರ್: ಎಂಆರ್‌ಐಗೆ ಹೊಂದುವ ಮಾಡೆಲ್ ಇರಬಹುದು, ಆದರೂ ಸ್ಕ್ಯಾನಿಗೆ ಮೊದಲೂ ಆಮೇಲೂ ಅದನ್ನು ಸೆಟ್ ಮಾಡುವವರು ಬೇಕು. ಆ ಏರ್ಪಾಡು ಇಲ್ಲದ ಸೆಂಟರ್ ತಲಪಾಡಿ ದಾಟಿಸಿ ಮಂಗಳೂರಿಗೆ ಕಳಿಸುವುದೇ ಒಳ್ಳೆಯದು. ಮೂರನೆಯದು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳಿಸದವರಿಗೆ ಆಪರೇಷನ್ ಮಾಡಿ ಕೂರಿಸುವ ಸಾಧನ. ಕೇರಳ ಸರ್ಕಾರದ ಶ್ರುತಿತರಂಗಂ ಯೋಜನೆಯಲ್ಲಿ ಅದನ್ನು ಹಾಕಿಸಿಕೊಂಡ ಮಕ್ಕಳು ಕೇರಳದ ತುಂಬ ಇದ್ದಾರೆ. ಅದರೊಳಗೇ ಒಂದು ಕಾಂತ ಇದೆ. ಹೊರಗಿನ ಭಾಗ ತೆಗೆದಿಟ್ಟರೆ ಸಾಕು ಅಂತ ಅಪ್ಪ ಅಮ್ಮ ಅಂದುಕೊಂಡಿರುತ್ತಾರೆ. ಸಾಲದು. ಚರ್ಮದ ಒಳಗಿನ ಕಾಂತ ಜಾಗ ಬಿಟ್ಟು ಸರಿಯಬಹುದು, ವಿಪರೀತ ನೋವಾಗುತ್ತದೆ. ಇಎನ್‌ಟಿ ಡಾಕ್ಟರ ಒಪ್ಪಿಗೆ ಮತ್ತು ಮಾಡೆಲಿನ ವಿವರ ಕೈಗೆ ಬರುವ ತನಕ ಆ ಮಗುವನ್ನು ರೂಮಿನ ಹತ್ತಿರ ತರಬೇಡಿ.

ಈಗ ಕೆಂಪು ಬಟನ್.

ಒಂದು ಬಟನ್ ಕರೆಂಟ್ ಕಡಿಯುತ್ತದೆ. ಇನ್ನೊಂದು ಕಾಂತವನ್ನೇ ಕೊಲ್ಲುತ್ತದೆ. ಎರಡನೆಯದರ ಹೆಸರು ಕಂಪನಿಗೊಂದು: ಮ್ಯಾಗ್ನೆಟ್ ಸ್ಟಾಪ್, ಮ್ಯಾಗ್ನೆಟ್ ರನ್‌ಡೌನ್, ಕ್ವೆಂಚ್. ಅದರ ಮೇಲೆ ಮುಚ್ಚಳ ಇರಬೇಕು, ಕೆಳಗೆ ಕನ್ನಡ, ಮಲಯಾಳ ಎರಡರಲ್ಲೂ ದೊಡ್ಡದಾಗಿ ಬರೆದಿರಬೇಕು. ಇವೆರಡಲ್ಲದೆ ಟೇಬಲ್ ಮತ್ತು ಸ್ಕ್ಯಾನ್ ನಿಲ್ಲಿಸುವ ಸಣ್ಣ ಸ್ಟಾಪ್ ಒಂದು ಕನ್ಸೋಲ್‌ನಲ್ಲೂ ಮಿಷನ್ನಿನ ಬದಿಯಲ್ಲೂ ಇರುತ್ತದೆ. ನಿತ್ಯದ ಗಡಿಬಿಡಿಗೆ, ಅಂದರೆ ಪೇಷಂಟ್ ಕಿರುಚಿದರೆ, ಬೆರಳು ಸಿಕ್ಕಿದರೆ, ಅದು ಸಾಕು.

ಪೇಷಂಟಿನ ಹಾರ್ಟ್ ನಿಂತರೆ ಯಾವ ದೊಡ್ಡ ಕೆಂಪು ಬಟನ್ ಕೂಡ ಬೇಡ. ಸ್ಕ್ಯಾನ್ ನಿಲ್ಲಿಸಿ, ಟೇಬಲ್ ಹೊರಗೆ ಎಳೆಯಿರಿ, ಸಹಾಯಕ್ಕೆ ಕೂಗಿ, ಎದೆ ಒತ್ತಲು ಶುರು ಮಾಡಿ. ಒಬ್ಬರು ಒತ್ತುತ್ತಿರುವಾಗಲೇ ಇನ್ನೊಬ್ಬರು ಕಾಂತ ಹಿಡಿಯದ ಟ್ರಾಲಿ ತಂದು ಪೇಷಂಟನ್ನು ರೂಮಿನಿಂದ ಹೊರಗೆ ತರಬೇಕು. ಹೊರಗೆ ಬಂದ ಕೂಡಲೇ ಬಾಗಿಲು ಮುಚ್ಚಬೇಕು, ಒಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಯಾಕೆಂದರೆ ಕೋಡ್ ಬ್ಲೂ, ಅಂದರೆ ಹಾರ್ಟ್ ನಿಂತಾಗಿನ ತುರ್ತು ಕರೆ, ಕೇಳಿ ಓಡಿ ಬರುವವರ ಕೈಯಲ್ಲಿ ಲ್ಯಾರಿಂಗೋಸ್ಕೋಪ್, ಡಿಫಿಬ್ರಿಲೇಟರ್, ಸಿಲಿಂಡರ್, ಕಿಸೆಯಲ್ಲಿ ಕತ್ತರಿ ಎಲ್ಲ ಇರುತ್ತದೆ. ಒಳ್ಳೆಯ ಉದ್ದೇಶದಿಂದಲೇ ಒಳಗೆ ನುಗ್ಗುತ್ತಾರೆ.

"ಕ್ವೆಂಚ್ ಮಾಡಿ ಕಾಂತ ಹೋದ ಮೇಲೆ ಒಳಗೇ ಚಿಕಿತ್ಸೆ ಮಾಡಬಹುದಲ್ಲ?" ಅನ್ನುವವರಿದ್ದಾರೆ. ಬಟನ್ ಒತ್ತಿದ ಕ್ಷಣ ಕಾಂತ ಹೋಗುವುದಿಲ್ಲ. ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಬೇಕು. ನಿಂತ ಹಾರ್ಟಿಗೆ ಅದು ಬಹಳ ಜಾಸ್ತಿ ಸಮಯ. ಅಷ್ಟು ಹೊತ್ತಿನಲ್ಲಿ ಪೇಷಂಟನ್ನು ಹೊರಗೇ ತರಬಹುದು. ಮೇಲಾಗಿ ಅದೇ ಸಮಯಕ್ಕೆ ರೂಮಿಗೆ ಹೀಲಿಯಂ ಬಂದರೆ ಪೇಷಂಟ್ ಜೊತೆ ನಿಮಗೂ ಉಸಿರು ಕಟ್ಟುತ್ತದೆ.

ಕ್ವೆಂಚ್ ಒತ್ತಬೇಕಾದ್ದು ಮುಖ್ಯವಾಗಿ ಒಂದೇ ಸಂದರ್ಭದಲ್ಲಿ: ಒಬ್ಬ ಮನುಷ್ಯ ಮಿಷನ್ನಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿಹಾಕಿಕೊಂಡು ಜೀವಕ್ಕೋ ಕೈಕಾಲಿಗೋ ಅಪಾಯ ಇದ್ದಾಗ. ಆಗ ಮ್ಯಾನೇಜರಿಗೆ ಫೋನ್ ಮಾಡಿ ಕೇಳುತ್ತಾ ನಿಲ್ಲಬೇಡಿ, ಒತ್ತಿ. ಬರೀ ಕುರ್ಚಿಯೋ ಟ್ರಾಲಿಯೋ ಅಂಟಿಕೊಂಡಿದ್ದು ಯಾರಿಗೂ ಏನೂ ಆಗಿಲ್ಲ ಅಂದರೆ ಒತ್ತಬೇಡಿ. ಎಂಜಿನಿಯರ್ ಬಂದು ನಿಧಾನಕ್ಕೆ ಕಾಂತ ಇಳಿಸಿ ತೆಗೆಯುತ್ತಾರೆ. ಹಗ್ಗ ಕಟ್ಟಿ ಎಳೆಯುವ ಸಾಹಸವೂ ಬೇಡ, ಜಾರಿ ಮತ್ತೆ ಹಾರಿದರೆ ನಡುವೆ ಇದ್ದವರು ಉಳಿಯುವುದಿಲ್ಲ. ಇನ್ನೊಂದು ಸಂದರ್ಭ ಬೆಂಕಿಯದ್ದು. ಮಿಷನ್ನಿನಿಂದ ಹೊಗೆ ಬಂದರೆ ಮೊದಲು ಕರೆಂಟಿನ ಬಟನ್, ಪೇಷಂಟ್ ಹೊರಗೆ, ಕಾಂತ ಹಿಡಿಯದ ಎಕ್ಸ್‌ಟಿಂಗ್ವಿಷರ್. ಕೈಮೀರಿ 101ಕ್ಕೆ ಫೋನ್ ಮಾಡಿ ಫೈರ್ ಫೋರ್ಸ್ ಬಂದರೆ, ಕೊಡಲಿ, ಉಸಿರಾಟದ ಸಿಲಿಂಡರ್ ಹೊತ್ತ ಅವರು ಒಳಗೆ ಕಾಲಿಡುವ ಮೊದಲು ಕ್ವೆಂಚ್ ಮಾಡಬೇಕು.

ಒತ್ತಿದಾಗ ಏನಾಗುತ್ತದೆ? ಸುರುಳಿ ಬಿಸಿಯಾಗುತ್ತದೆ, ಹೀಲಿಯಂ ಕುದಿದು ಆವಿಯಾಗುತ್ತದೆ. ಒಂದು ಲೀಟರ್ ದ್ರವ 700 ಲೀಟರಿಗೂ ಜಾಸ್ತಿ ಗ್ಯಾಸ್ ಆಗುತ್ತದೆ. ದೊಡ್ಡ ಸದ್ದಿನೊಂದಿಗೆ ಅದು ಕ್ವೆಂಚ್ ಪೈಪಿನ ಮೂಲಕ ಮಾಡಿನ ಮೇಲಿಂದ ಹೊರಗೆ ಹೋಗುತ್ತದೆ, ಬಿಳಿ ಮೋಡ ಎದ್ದ ಹಾಗೆ ಕಾಣುತ್ತದೆ. ಬೆಂಕಿ ಇಲ್ಲ, ಹೀಲಿಯಂ ಉರಿಯುವ ಗ್ಯಾಸೇ ಅಲ್ಲ. ಬ್ಲಾಸ್ಟ್ ಅನ್ನುವ ಮಾತಿನಲ್ಲಿ ನಿಜ ಇರುವುದು ಪೈಪ್ ಕಟ್ಟಿಕೊಂಡಾಗ ಮಾತ್ರ. ಕುಕ್ಕರಿನ ಸೀಟಿಯ ತೂತು ಮುಚ್ಚಿದರೆ ಏನಾಗುತ್ತದೋ ಅದೇ. ನಮ್ಮ ಮಳೆಗೆ ಪೈಪಿನ ಬಾಯಿಯ ಟೋಪಿ ಹಾರಿ ನೀರು ತುಂಬಬಹುದು, ಹಕ್ಕಿ ಗೂಡು ಕಟ್ಟಬಹುದು. ಆಗ ಗ್ಯಾಸ್ ತಿರುಗಿ ರೂಮಿಗೆ ಬರುತ್ತದೆ, ಆಮ್ಲಜನಕವನ್ನು ದೂಡುತ್ತದೆ. ಗಾಳಿಯಲ್ಲಿ ಆಮ್ಲಜನಕ 21 ಶೇಕಡಾ ಇರಬೇಕು, ಅದು ಇಳಿದಾಗ ಗೋಡೆಯ ಸೆನ್ಸರ್ ಕೂಗುತ್ತದೆ. ಆ ಸೆನ್ಸರಿನ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೋ, ನಾಳೆಯೇ ನೋಡಿ. ಹೀಲಿಯಂ ಹಗುರ, ಮೇಲಿಂದ ತುಂಬುತ್ತದೆ. ಪೇಷಂಟನ್ನು ತರುವಾಗ ಬಗ್ಗಿ ಓಡಾಡಿ. ನಿಮ್ಮ ಬಾಗಿಲು ಒಳಮುಖವಾಗಿ ತೆರೆಯುವಂಥದ್ದಾದರೆ ಒಳಗಿನ ಒತ್ತಡಕ್ಕೆ ತೆರೆಯದೇ ಇರಬಹುದು. ಕನ್ಸೋಲ್ ಕಿಟಕಿಯ ಗಾಜು ಒಡೆದರೆ ಒತ್ತಡ ಇಳಿದು ಬಾಗಿಲು ತೆರೆಯುತ್ತದೆ. ಒಡೆಯಲು ಬೇಕಾದ ಸುತ್ತಿಗೆ ಕನ್ಸೋಲ್ ರೂಮಿನಲ್ಲಿ ಇರಲಿ, ಸ್ಕ್ಯಾನ್ ರೂಮಿನಲ್ಲಿ ಅಲ್ಲ.

ಬಟನ್ ಇದೆ ಅಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲೂ ಇಲ್ಲ. 2014ರ ನವೆಂಬರ್‌ನಲ್ಲಿ ನವಿ ಮುಂಬೈಯ ಖಾರ್‌ಘರ್‌ನ ಕ್ಯಾನ್ಸರ್ ಕೇಂದ್ರದಲ್ಲಿ ಇಬ್ಬರು ಸಿಬ್ಬಂದಿ ಸಿಲಿಂಡರಿಗೂ ಮಿಷನ್ನಿಗೂ ನಡುವೆ ಸುಮಾರು 4 ಗಂಟೆ ಸಿಕ್ಕಿಬಿದ್ದಿದ್ದರು. ಕ್ವೆಂಚ್ ಬಟನ್ ಒತ್ತಿದರೂ ಕಾಂತ ಇಳಿಯಲಿಲ್ಲ. ಸರ್ವಿಸ್ ಎಂಜಿನಿಯರ್ ಬಂದಾಗ ಮೂರು ಕೇಳಿ: ಬಟನ್ನಿನ ಸರ್ಕ್ಯೂಟ್ ಪರೀಕ್ಷೆ ಮಾಡಿದ್ದೀರಾ, ಪೈಪಿನ ಹೊರಬಾಯಿ ಮಳೆಗಾಲಕ್ಕೆ ಮೊದಲು ನೋಡಿದ್ದೀರಾ, ಸೆನ್ಸರ್ ಯಾವಾಗ ಸರಿಪಡಿಸಿದ್ದು. ಕ್ವೆಂಚ್ ಆದರೆ ಹೀಲಿಯಂ ತುಂಬಲು ಲಕ್ಷಗಟ್ಟಲೆ ಖರ್ಚು, ಮಿಷನ್ ದಿನಗಟ್ಟಲೆ ಬಂದ್, ಸುರುಳಿಗೇ ಪೆಟ್ಟಾಗುವುದೂ ಉಂಟು. ಮ್ಯಾನೇಜರುಗಳು ಈ ಬಟನ್ನಿಗೆ ಹೆದರುವುದು ಅದಕ್ಕೇ. ಅವರ ಹೆದರಿಕೆ ನ್ಯಾಯವೇ, ಆದರೆ ಅದು ನಿಮ್ಮ ಕೈ ಕಟ್ಟಬಾರದು.

ಕೊನೆಗೆ ರಾತ್ರಿ ಒಬ್ಬನೇ ಇರುವ ವಿಷಯ. ಇದು ಆಗುವ ಮಾತಲ್ಲ. ಮೇಲೆ ಹೇಳಿದ ಒಂದೊಂದನ್ನೂ ನೋಡಿ: ಒಬ್ಬರು ಎದೆ ಒತ್ತಬೇಕು, ಒಬ್ಬರು ಟ್ರಾಲಿ ತರಬೇಕು, ಒಬ್ಬರು ಬಾಗಿಲು ಕಾಯಬೇಕು. ಒಬ್ಬನೇ ಇದ್ದರೆ ಮೂತ್ರಕ್ಕೆ ಹೋದಾಗಲೂ ಬಾಗಿಲಿಗೆ ಯಾರೂ ಇಲ್ಲ. ಇನ್ನೊಬ್ಬ ಟೆಕ್ನಿಷಿಯನ್ ಕೊಡಲು ಆಗದಿದ್ದರೆ ಒಬ್ಬ ನರ್ಸ್‌ಗೋ ವಾರ್ಡ್ ಬಾಯ್‌ಗೋ ತರಬೇತಿ ಕೊಟ್ಟು ಜೊತೆಗೆ ಹಾಕಲಿ. ಅರೆಬರೆ ತರಬೇತಿಯವರು ತಾವೇ ಕಬ್ಬಿಣ ಒಳಗೆ ತರುವ ಅಪಾಯ ಇದೆ, ಆದ್ದರಿಂದ ತರಬೇತಿ ಕಾಗದದಲ್ಲಿ ಮುಗಿಯಬಾರದು, ಖಾಲಿ ಟೇಬಲ್ ಮೇಲೆ ಒಬ್ಬರನ್ನು ಮಲಗಿಸಿ ಹೊರಗೆ ತರುವ ಅಭ್ಯಾಸ ಮಾಡಿಸಿ. ಸೆಕ್ಯುರಿಟಿಯವರನ್ನೂ ಆ ಕ್ಲೀನಿಂಗ್ ಅಕ್ಕನನ್ನೂ ಅದಕ್ಕೆ ಕರೆಯಿರಿ. ಅದೂ ಆಗದಿದ್ದರೆ ರಾತ್ರಿ ಬಹಳ ಅಗತ್ಯದ ಸ್ಕ್ಯಾನ್ ಮಾತ್ರ, ಅದೂ ಪೇಷಂಟಿನ ಜೊತೆ ಡಾಕ್ಟರ್ ಇದ್ದಾಗ ಮಾತ್ರ ಅಂತ ಸೆಂಟರ್ ಒಪ್ಪಿಕೊಳ್ಳಲಿ. ಸೆಂಟರಿಗೆ ಸ್ವಲ್ಪ ಆದಾಯ ಹೋಗುತ್ತದೆ, ಕೆಲವು ಪೇಷಂಟ್‌ಗಳು ಬೆಳಗಿನ ತನಕ ಕಾಯಬೇಕಾಗುತ್ತದೆ. ಇದನ್ನೆಲ್ಲ ಮ್ಯಾನೇಜರಿಗೆ ಬಾಯಲ್ಲಿ ಹೇಳಬೇಡಿ. ಕರೆಂಟ್ ಹೋದ ರಾತ್ರಿ ನಡೆದದ್ದನ್ನೂ ಸೇರಿಸಿ ಒಂದು ಪುಟದಲ್ಲಿ ಬರೆದು ಕೊಡಿ, ತಾರೀಕು ಹಾಕಿ, ತಲುಪಿದ್ದಕ್ಕೆ ಸೈನ್ ಮಾಡಿಸಿ, ಒಂದು ಪ್ರತಿ ಮನೆಯಲ್ಲಿಡಿ. ಉತ್ತರ ಬರುವ ತನಕ ಸ್ಕ್ಯಾನ್ ರೂಮಿನ ಕೀಲಿ ನಿಮ್ಮ ಕೈಯಲ್ಲೇ ಇರಲಿ.